ಕುದುರೆಗೆ ಮುಸುಕಿನ ಜೋಳದ ನುಚ್ಚು ಹಾಕುವವರು ದಯವಿಟ್ಟು ಓದಿ

ಹಾಸನ, ಬೇಲೂರು, ಸಕಲೇಶಪುರ ಕಡೆ ಕುದುರೆ ಸಾಕಿರುವ ಎಲ್ಲರಿಗೂ ಒಂದು ಮಾತು. ಮದುವೆ ಮೆರವಣಿಗೆಗೆ ಇಟ್ಟುಕೊಂಡಿರಲಿ, ಹೋಂಸ್ಟೇಯಲ್ಲಿ ಮಕ್ಕಳನ್ನು ಕೂರಿಸಿ ಸುತ್ತಾಡಿಸಲು ಇಟ್ಟುಕೊಂಡಿರಲಿ, ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮುಸುಕಿನ ಜೋಳದ ನುಚ್ಚನ್ನು ಕುದುರೆಗೆ ಹಾಕಬೇಡಿ. ಮಳೆಗೆ ಸಿಕ್ಕ ಜೋಳವಂತೂ ಕೊಟ್ಟಿಗೆ ಬಾಗಿಲಿಗೂ ಬರಬಾರದು. ನಮ್ಮ ಕುದುರೆ ಗೌರಿ ಸತ್ತಿದ್ದು ಅದರಿಂದಲೇ.

ಹೋದ ವರ್ಷ ಜೋಳ ಮುರಿಯುವ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು. ನಮ್ಮ ಕಡೆ ಆ ಸಮಯದಲ್ಲಿ ರಸ್ತೆಯ ಅರ್ಧ ಭಾಗದಲ್ಲಿ ಜೋಳ ಹರಡಿರುತ್ತಾರೆ. ಮೋಡ ಕವಿದರೆ ಟಾರ್ಪಾಲು ಹೊದಿಸುವುದು, ಬಿಸಿಲು ಬಂದರೆ ತೆಗೆಯುವುದು. ರೈತರನ್ನು ದೂರುವುದಿಲ್ಲ, ಅವರಿಗೆ ಬೇರೆ ಜಾಗ ಎಲ್ಲಿದೆ? ನನ್ನ ದೂರು ಇರುವುದು ಮೇವಿನ ವ್ಯಾಪಾರಿಯ ಮೇಲೆ. ಕುದುರೆಗೆ ಬೇಕು ಎಂದು ಬಿಡಿಸಿ ಹೇಳಿಯೇ ಕೇಳಿದ್ದೆ. ಹಳೇ ಒಣ ಮಾಲು, ಧೈರ್ಯವಾಗಿ ಹಾಕಿ ಎಂದರು. ಅದು ಮಳೆಯಲ್ಲಿ ನೆನೆದು, ಮಂಡಿಯಲ್ಲಿ ಯಾರೂ ಕೊಳ್ಳದ ಮಾಲು. ಅದನ್ನೇ ಒಣಗಿಸಿ, ನುಚ್ಚು ಮಾಡಿಸಿ ಚೀಲ ತುಂಬಿದ್ದರು. ಲೋಡಿಂಗ್ ಮಾಡಿದ ಹುಡುಗರು ಎಲ್ಲ ಮುಗಿದ ಮೇಲೆ ಹೇಳಿದರು.

ಕಾಳಿನಲ್ಲಿ ಬೂಷ್ಟು ಇದ್ದರೆ ಕಣ್ಣಿಗೆ ಬೀಳುತ್ತದೆ. ಗುಲಾಬಿ ಅಥವಾ ಬಿಳಿ ಬಣ್ಣದ ಪುಡಿ, ಬಿಳಿ ಗೆರೆ ಬಿದ್ದ ಕಾಳು, ಕಪ್ಪಾದ ತುದಿ. ನುಚ್ಚು ಮಾಡಿದರೆ ಎಲ್ಲ ಒಂದೇ ಹಳದಿ. ಮೂಗಿಗೆ ಹಿಡಿದರೂ ನಮಗೆ ಕೆಟ್ಟ ವಾಸನೆ ಬರಲಿಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗೌರಿ ಮೇವು ಮುಟ್ಟಲಿಲ್ಲ. ಹೊಟ್ಟೆನೋವು ಇರಬಹುದು ಎಂದುಕೊಂಡೆವು. ಆದರೆ ಅವಳು ಉರುಳಲಿಲ್ಲ, ಹೊಟ್ಟೆ ಕಡೆ ತಿರುಗಿ ನೋಡಲಿಲ್ಲ. ತೂಕಡಿಸುತ್ತಾ ನಿಂತಿದ್ದಳು. ಬಾಯಲ್ಲಿ ಹುಲ್ಲು ಇತ್ತು, ಅಗಿಯುವುದನ್ನೇ ಮರೆತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಂದೇ ಕಡೆಗೆ ಸುತ್ತತೊಡಗಿದಳು. ಕಂಬ ಎದುರಿಗಿದ್ದರೂ ಹೋಗಿ ಗುದ್ದಿಕೊಂಡಳು, ಕಣ್ಣು ಕಾಣುತ್ತಿರಲಿಲ್ಲ. ಸಂಜೆ ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಂತವಳನ್ನು ಎಷ್ಟು ಎಳೆದರೂ ಹಿಂದಕ್ಕೆ ಬರಲಿಲ್ಲ. ಡಾಕ್ಟರ್ ರಾತ್ರಿಯೆಲ್ಲಾ ಜೊತೆಗಿದ್ದರು. ಮಾರನೇ ದಿನ ನೆಲಕ್ಕೆ ಬಿದ್ದು ಕಾಲು ಬಡಿಯುತ್ತಾ ಪ್ರಾಣ ಬಿಟ್ಟಳು.

ಇಲ್ಲೊಂದು ಮಾತು ಹೇಳಲೇಬೇಕು. ಕುದುರೆ ಹೀಗೆ ವಿಚಿತ್ರವಾಗಿ ಆಡಿದರೆ ಬಾಯಿಗೆ ಕೈ ಹಾಕಬೇಡಿ, ಔಷಧಿ ಕುಡಿಸಲು ಹೋಗಬೇಡಿ. ರೇಬೀಸ್ ಕೂಡ ಹೀಗೇ ಕಾಣಿಸಬಹುದು. ನಮ್ಮ ಡಾಕ್ಟರ್ ಮೊದಲು ಕೇಳಿದ್ದೇ ನಾಯಿ ಕಚ್ಚಿತ್ತಾ ಎಂದು. ಕೈಗವಸು ಹಾಕದೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಮರಣೋತ್ತರ ಪರೀಕ್ಷೆ ಮಾಡಿದಾಗ ಮೆದುಳಿನ ಒಳಗಿನ ಬಿಳಿ ಭಾಗ ಗಂಜಿಯಂತೆ ಕರಗಿತ್ತು. ನುಚ್ಚಿನ ಮಾದರಿಯನ್ನು ಪರೀಕ್ಷೆಗೆ ಕಳಿಸಿದೆವು, ಫ್ಯುಮೊನಿಸಿನ್ ಇರುವುದು ಖಚಿತವಾಯಿತು. ಇದು ಫ್ಯುಸೇರಿಯಂ ಎಂಬ ಬೂಷ್ಟು ಮಾಡುವ ವಿಷ. ಬೂಷ್ಟು ಹಿಡಿದ ಜೋಳ ತಿಂದು ಕುದುರೆಗಳು ಹೀಗೆ ಸಾಯುತ್ತವೆ ಎಂದು ಅಮೆರಿಕದಲ್ಲಿ ನೂರು ವರ್ಷಕ್ಕೂ ಹಿಂದೆಯೇ ಗೊತ್ತಿತ್ತು. ಯಾವ ವಿಷ ಎಂದು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಪತ್ತೆ ಮಾಡಿದ್ದು 1988ರಲ್ಲಿ. ಈ ವಿಷಕ್ಕೆ ಇವತ್ತಿಗೂ ಮದ್ದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬಹಳಷ್ಟು ಕುದುರೆಗಳು ಕೆಲವು ಗಂಟೆಗಳಲ್ಲಿ, ಇಲ್ಲವೇ ಎರಡು ಮೂರು ದಿನದಲ್ಲಿ ಸಾಯುತ್ತವೆ.

ವ್ಯಾಪಾರಿಯ ಹತ್ತಿರ ಹೋದಾಗ ಬಂದ ಉತ್ತರ ಏನು ಗೊತ್ತಾ? ಇದೇ ನುಚ್ಚನ್ನು ಎಷ್ಟೋ ಜನ ಹಸುವಿಗೆ, ಕೋಳಿಗೆ ಹಾಕಿದ್ದಾರೆ, ಯಾವುದಕ್ಕೂ ಏನೂ ಆಗಿಲ್ಲ, ನಿಮ್ಮ ಕುದುರೆಗೆ ಬೇರೆ ಕಾಯಿಲೆ ಇತ್ತು ಅಂತ. ಹಸುವಿಗೆ ಏನೂ ಆಗಿಲ್ಲ ಎನ್ನುವುದು ನಿಜವೇ ಇರಬಹುದು, ಅಪಾಯ ಇರುವುದೇ ಅಲ್ಲಿ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಜೋಳದಲ್ಲಿ ಈ ವಿಷ ಎಷ್ಟಿದ್ದರೆ ಯಾವ ಪ್ರಾಣಿಗೆ ಹಾಕಬಹುದು ಎಂದು ಮಿತಿ ಹೇಳಿದೆ. ಮಾಂಸಕ್ಕೆ ಸಾಕುವ ಕೋಳಿಗೆ ಕಿಲೋಗೆ 100 ಮಿಲಿಗ್ರಾಂ. ಮಾಂಸಕ್ಕೆ ಸಾಕುವ ದನಗಳಿಗೆ 60. ಕುದುರೆಗೆ ಬರೀ 5, ಅದೂ ಜೋಳ ಒಟ್ಟು ಮೇವಿನ ಐದನೇ ಒಂದು ಭಾಗ ಮೀರಬಾರದು. ಅಂದರೆ ಕೋಳಿ ಆರಾಮವಾಗಿ ತಿನ್ನುವ ಜೋಳ ಕುದುರೆಯನ್ನು ಕೊಲ್ಲಬಹುದು. ಹಸು ತಿಂದಿದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅದಕ್ಕೆ ಕವಡೆ ಕಿಮ್ಮತ್ತೂ ಇಲ್ಲ.

ಒಣಗಿಸಿದರೆ, ಬೇಯಿಸಿದರೆ ಸರಿ ಹೋಗುತ್ತೆ ಎನ್ನುವವರೂ ಸಿಕ್ಕರು. ಬಿಸಿಲಿಗೆ ಬೂಷ್ಟು ಸಾಯಬಹುದು, ಅದು ಬಿಟ್ಟು ಹೋದ ವಿಷ ಹಾಗೇ ಇರುತ್ತದೆ. ಒಲೆಯ ಮೇಲೆ ಕುದಿಸಿದರೂ ಈ ವಿಷ ಸುಲಭಕ್ಕೆ ಜಗ್ಗುವುದಿಲ್ಲ. ವಿಷ ಜಾಸ್ತಿ ಇರುವುದು ಮುರಿದ ಕಾಳು, ಜರಡಿಯಲ್ಲಿ ಕೆಳಗೆ ಬೀಳುವ ಪುಡಿಯಲ್ಲಿ. ಕಡಿಮೆ ಬೆಲೆಗೆ ನುಚ್ಚಿನ ಚೀಲಕ್ಕೆ ಸೇರುವುದೂ ಅದೇ ಅಲ್ವಾ?

ಜೋಳ ಬೇಕೇ ಬೇಕು ಎನ್ನುವವರು ಇಡೀ ಕಾಳು ತನ್ನಿ, ಕಣ್ಣಾರೆ ಆರಿಸಿ. ತೇವ ನೋಡಲು ಒಂದು ಸುಲಭ ದಾರಿ ಇದೆ. ಒಣ ಗಾಜಿನ ಬಾಟಲಿಗೆ ಕಾಳು ಹಾಕಿ, ಚೆನ್ನಾಗಿ ಒಣಗಿದ ಪುಡಿ ಉಪ್ಪು ಸೇರಿಸಿ, ಮುಚ್ಚಿ ಒಂದೆರಡು ನಿಮಿಷ ಅಲ್ಲಾಡಿಸಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ 15 ಪರ್ಸೆಂಟ್‌ಗಿಂತ ಜಾಸ್ತಿ ಇದೆ, ಅದನ್ನು ಕೂಡಿಡಲು ಆಗುವುದಿಲ್ಲ. ಆದರೆ ಉಪ್ಪು ಅಂಟಲಿಲ್ಲ ಎಂದರೆ ವಿಷ ಇಲ್ಲ ಎಂದಲ್ಲ. ಫ್ಯುಸೇರಿಯಂ ಹೊಲದಲ್ಲಿ, ತೆನೆ ಗಿಡದಲ್ಲಿರುವಾಗಲೇ ಹಿಡಿಯುತ್ತದೆ. ಆಮೇಲೆ ಎಷ್ಟು ಒಣಗಿಸಿದರೂ ಮೊದಲೇ ಆದ ವಿಷ ಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ಸುಮ್ನೆ ಮೆರವಣಿಗೆಗೆ ಹೋಗಿ ಬರುವ ಕುದುರೆಗೆ ಜೋಳ ಬೇಕಾಗಿಯೇ ಇಲ್ಲ. ಅದರ ಮುಖ್ಯ ಊಟ ಹುಲ್ಲು. ಮೈ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಹುಲ್ಲು ಸಿಗಬೇಕು, 300 ಕಿಲೋ ಕುದುರೆಗೆ ದಿನಕ್ಕೆ ನಾಲ್ಕೂವರೆಯಿಂದ 6 ಕಿಲೋ. ಕೆಲಸ ಜಾಸ್ತಿ ಇದ್ದರೆ ಬೇಯಿಸಿದ ಹುರುಳಿ, ಓಟ್ಸ್ ಸ್ವಲ್ಪ ಸ್ವಲ್ಪವಾಗಿ. ಹೊಸ ಧಾನ್ಯ ಏನೇ ಇದ್ದರೂ ಒಂದು ವಾರ, ಹತ್ತು ದಿನ ತೆಗೆದುಕೊಂಡು ನಿಧಾನವಾಗಿ ಹೆಚ್ಚಿಸಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದ ಕೆಟ್ಟ ಮೇವನ್ನು ಅದು ಹೊರಗೆ ಹಾಕಲಾರದು. ನಮ್ಮ ಇನ್ನೊಂದು ಕುದುರೆ ನುಚ್ಚನ್ನು ಮೂಸಿ ಮೂಸಿ ಅರ್ಧ ಬಿಡುತ್ತಿತ್ತು, ಅದು ಉಳಿಯಿತು. ಈಗ ಅದಕ್ಕೆ ರಾಗಿ ಹುಲ್ಲು, ಹಸಿ ಹುಲ್ಲು, ಹುರುಳಿ ಮಾತ್ರ.

ಮೇವು ತಂದಾಗಲೆಲ್ಲಾ ಬಿಲ್ ಕೇಳಿ ಪಡೆಯಿರಿ. ಪ್ರತಿ ಚೀಲದಿಂದಲೂ ಅರ್ಧ ಕಿಲೋ ತೆಗೆದು ಕಾಗದದ ಕವರ್‌ನಲ್ಲಿ ತಾರೀಖು ಬರೆದು ಒಣ ಜಾಗದಲ್ಲಿಡಿ. ಪ್ಲಾಸ್ಟಿಕ್ ಬೇಡ, ಬೆವರಿ ಬೂಷ್ಟು ಇನ್ನೂ ಬೆಳೆಯುತ್ತದೆ. ಕುದುರೆ ಮಂಕಾಗಿದೆ ಅನ್ನಿಸಿದ ಕೂಡಲೇ ಧಾನ್ಯವನ್ನೆಲ್ಲಾ ನಿಲ್ಲಿಸಿ, ಬರೀ ಒಳ್ಳೆ ಹುಲ್ಲು ನೀರು ಕೊಟ್ಟು ಡಾಕ್ಟರನ್ನು ಕರೆಸಿ. ಏನು ಮೇವು ಹಾಕಿದ್ದೀರಿ ಎಂದು ಅವರು ಕೇಳುವ ಮುಂಚೆ ನೀವೇ ಹೇಳಿ.

ಕತ್ತೆ ಸಾಕಿರುವವರೂ ಇದನ್ನು ಓದುತ್ತಿದ್ದರೆ, ಕತ್ತೆಗೂ ಹೇಸರಗತ್ತೆಗೂ ಇದೇ ವಿಷ ಇದೇ ರೀತಿ ತಗಲುತ್ತದೆ. ಊರೂರು ಸುತ್ತಿ ಕತ್ತೆ ಹಾಲು ಮಾರುವವರು ಯಾರಾದರೂ ನಿಮಗೆ ಗೊತ್ತಿದ್ದರೆ ಅವರಿಗೂ ಹೇಳಿ.