ಬೇಸಿಗೆ ರಜೆಗೆ ಕೆರಿಬಿಯನ್‌ನ ಸದ್ದಿಲ್ಲದ ದ್ವೀಪ: ಬೊನೇರ್, ಬೆಕ್ವೆ, ಕುಲೇಬ್ರ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ಜೂನ್‌ನಿಂದ ಆಗಸ್ಟ್‌ವರೆಗಿನ ರಜೆಗಾದರೆ ನನ್ನ ಓಟು ನೆದರ್‌ಲ್ಯಾಂಡ್ಸ್‌ಗೆ ಸೇರಿದ ಬೊನೇರ್‌ಗೆ. ನೋಡಲು ಬೆಕ್ವೆ ಅದಕ್ಕಿಂತ ಚೆಂದ. ಅಮೆರಿಕದಲ್ಲಿರುವ ನಮ್ಮವರಿಗೆ ಕುಲೇಬ್ರ ಅದಕ್ಕಿಂತ ಅಗ್ಗ, ಕಾಗದಪತ್ರದ ತಲೆನೋವೂ ಕಡಿಮೆ. ಆದರೂ ಬೊನೇರ್. ಮೂರರಲ್ಲೂ ಈಜಿ, ಸುತ್ತಾಡಿ, ಅಡುಗೆ ಮಾಡಿಕೊಂಡು ನೋಡಿದ ಮೇಲಿನ ಮಾತಿದು. ಅಮೆರಿಕದಲ್ಲಿ ಮಕ್ಕಳ ಶಾಲೆಗೆ ರಜೆ ಬರುವುದೂ ಕೆರಿಬಿಯನ್‌ನಲ್ಲಿ ಬಾಡಿಗೆ ಇಳಿಯುವುದೂ ಒಂದೇ ಹೊತ್ತಿಗೆ. ಬಾಡಿಗೆ ಸುಮ್ಮನೆ ಇಳಿಯುವುದಿಲ್ಲ; ಅದು ಇಳಿಯುವ ಕಾರಣ ನೋಡಿಕೊಂಡೇ ದ್ವೀಪ ಆರಿಸಬೇಕು, ಫೋಟೊ ನೋಡಿ ಅಲ್ಲ.

ಮೊದಲ ಕಾರಣ ಚಂಡಮಾರುತ. ಅಟ್ಲಾಂಟಿಕ್‌ನಲ್ಲಿ ಅದರ ಕಾಲ ಜೂನ್ 1ರಿಂದ ನವೆಂಬರ್ 30. ಜೋರು ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ. ಹಾಗಾದರೆ ಜುಲೈನಲ್ಲಿ ಭಯವಿಲ್ಲ ಎಂದುಕೊಳ್ಳುವಂತಿಲ್ಲ. 2024ರ ಜುಲೈ 1ರಂದೇ ಬೆರಿಲ್ 4ನೇ ವರ್ಗದ ಬಿರುಗಾಳಿಯಾಗಿ ಗ್ರೆನಡಾದ ಕ್ಯಾರಿಯಾಕೂ ದ್ವೀಪಕ್ಕೆ ಅಪ್ಪಳಿಸಿತು, ಪಕ್ಕದ ಯೂನಿಯನ್ ದ್ವೀಪದ ಮನೆಗಳಲ್ಲಿ ಹೆಚ್ಚಿನವನ್ನು ಹಾಳುಗೆಡವಿತು. ಇನ್ನಷ್ಟು ಉತ್ತರಕ್ಕಿರುವ ಬೆಕ್ವೆ ಕಡಿಮೆ ಪೆಟ್ಟಿನಲ್ಲಿ ಪಾರಾಯಿತು. ಕುಲೇಬ್ರ 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ, ಮರಿಯಾ ಎರಡನ್ನೂ ಒಂದರ ಹಿಂದೊಂದು ಕಂಡ ಊರು. ಅಕ್ಷಾಂಶದ ಲೆಕ್ಕದಲ್ಲಿ ಬೆಕ್ವೆಗೂ ಬೊನೇರ್‌ಗೂ ಇರುವುದು ಒಂದು ಡಿಗ್ರಿಯಷ್ಟೇ ಅಂತರ. ಆದರೆ ಬೊನೇರ್ ಬಹಳ ಪಶ್ಚಿಮಕ್ಕೆ ಸರಿದು ವೆನೆಜುವೆಲಾದ ಕರಾವಳಿಗೆ ಹತ್ತಿರವಿದೆ. ಪಶ್ಚಿಮಕ್ಕೆ ಸಾಗುತ್ತಾ ಉತ್ತರಕ್ಕೆ ವಾಲುವ ಬಿರುಗಾಳಿಗಳು ಸಾಮಾನ್ಯವಾಗಿ ಅದರ ತಲೆಯ ಮೇಲಿನಿಂದ ಹಾದುಹೋಗುತ್ತವೆ. ಪೂರ್ತಿ ಅಭಯವಿದೆ ಎಂದಲ್ಲ: 1999ರ ಲೆನ್ನಿ ದೂರದಲ್ಲೇ ಹಾದರೂ ಬೊನೇರ್‌ನ ಪಶ್ಚಿಮ ದಂಡೆಯನ್ನು ಅಲೆಗಳಿಂದ ಜಜ್ಜಿತ್ತು. ಯಾವ ದ್ವೀಪಕ್ಕೆ ಹೋದರೂ ಪ್ರಯಾಣ ವಿಮೆಯನ್ನು ಟಿಕೆಟ್ ಕೊಂಡ ದಿನವೇ ಮಾಡಿಸಿ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಬಿರುಗಾಳಿಯ ನಷ್ಟಕ್ಕೆ ಬರುವುದಿಲ್ಲ.

ಎರಡನೆಯದು ಸರ್ಗಾಸಮ್ ಎಂಬ ಕಂದು ಕಡಲಪಾಚಿ. 2011ರಿಂದೀಚೆಗೆ ಬೇಸಿಗೆಯಲ್ಲಿ ಇದು ರಾಶಿ ರಾಶಿಯಾಗಿ ದಡಕ್ಕೆ ಬೀಳುತ್ತಿದೆ. ಬಿದ್ದು ಒಂದೆರಡು ದಿನಕ್ಕೆ ಕೊಳೆತು ಕೆಟ್ಟ ಮೊಟ್ಟೆಯ ನಾತ ಹೊಡೆಯುತ್ತದೆ. ಆ ಅನಿಲಕ್ಕೆ ಮೈಮೇಲಿನ ಬೆಳ್ಳಿ ಕಪ್ಪಾಗುತ್ತದೆ, ಏಸಿಯ ತಾಮ್ರದ ಕೊಳವೆ ಹಾಳಾಗುತ್ತದೆ. ಗಾಳಿ ಬೀಸುವುದು ಪೂರ್ವದಿಂದ, ಹಾಗಾಗಿ ಪಾಚಿ ಬಂದು ಸೇರುವುದೂ ಪೂರ್ವದ ದಂಡೆಗೇ. ಬೊನೇರ್‌ನಲ್ಲಿ ಲಾಕ್ ಬೇ, ಬೆಕ್ವೆಯಲ್ಲಿ ಇಂಡಸ್ಟ್ರಿ ಬೇ ಮತ್ತು ಸ್ಪ್ರಿಂಗ್ ಬೇ, ಕುಲೇಬ್ರದಲ್ಲಿ ಸೋನಿ ಬೀಚ್. ಈ ಕಡೆಗಳಲ್ಲಿ ಬೇಸಿಗೆ ತಿಂಗಳಲ್ಲಿ ಮನೆ ಹಿಡಿಯಬೇಡಿ. ಬಾಡಿಗೆ ಎಷ್ಟೇ ಇಳಿದಿರಲಿ, ಪಶ್ಚಿಮ ಮಗ್ಗುಲಿನ ಮನೆಯನ್ನೇ ನೋಡಿ.

ಈಗ ಕುಲೇಬ್ರ. ಪೋರ್ಟೊ ರಿಕೊದ ಪೂರ್ವಕ್ಕಿರುವ ಪುಟ್ಟ ದ್ವೀಪ, ಜನಸಂಖ್ಯೆ ಎರಡು ಸಾವಿರದ ಒಳಗೆ. ಫ್ಲಮೆಂಕೊ ಬೀಚ್‌ನ ಮರಳು ಹಿಟ್ಟಿನಂತೆ ನಯ, ಟಮರಿಂಡೊ ದಡದಲ್ಲಿ ಕಡಲಹುಲ್ಲು ಮೇಯುವ ಆಮೆಗಳನ್ನು ಎದೆಮಟ್ಟದ ನೀರಿನಲ್ಲೇ ನೋಡಬಹುದು. ಇದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದೆಲ್ಲ ಅಲ್ಲಿಗೆ ಮುಟ್ಟುವ ದಾರಿಯಲ್ಲಿ.

ಫೆರಿಯ ಟಿಕೆಟ್ ಒಂದು ಕಡೆಗೆ 2.25 ಡಾಲರ್. ಈ ಅಂಕಿ ನೋಡಿಯೇ ಜನ ಕುಲೇಬ್ರ ಆರಿಸುತ್ತಾರೆ, ಮೋಸಹೋಗುವುದೂ ಇಲ್ಲೇ. 2018ರಿಂದ ಫೆರಿ ಹೊರಡುವುದು ಫಹಾರ್ಡೊದಿಂದಲ್ಲ, ಪೋರ್ಟೊ ರಿಕೊದ ಸೇಬ ಎಂಬ ಊರಿನ ಹಳೆಯ ನೌಕಾನೆಲೆಯಿಂದ. ಹಳೆಯ ಗೈಡ್ ನೋಡಿ ಹೋದವರು ತಪ್ಪು ಊರಿನಲ್ಲಿ ಇಳಿಯುತ್ತಾರೆ. ರಾಜಧಾನಿ ಸಾನ್ ಹುವಾನ್‌ನ ವಿಮಾನ ನಿಲ್ದಾಣದಿಂದ ಸೇಬಕ್ಕೆ ರಸ್ತೆಯಲ್ಲಿ ಒಂದರಿಂದ ಒಂದೂವರೆ ಗಂಟೆ, ಬಸ್ಸಿಲ್ಲ. ಟ್ಯಾಕ್ಸಿಗೆ ನೂರು ಡಾಲರ್ ಹತ್ತಿರ. ಬಾಡಿಗೆ ಕಾರು ತೆಗೆದುಕೊಂಡರೆ ಅದನ್ನು ದ್ವೀಪಕ್ಕೆ ಒಯ್ಯಲು ಕಾರಿನವರು ಬಿಡುವುದಿಲ್ಲ. ಸೇಬದಲ್ಲಿ ನಿಲ್ಲಿಸಿ, ನಿಂತ ಅಷ್ಟೂ ದಿನಕ್ಕೆ ಬಾಡಿಗೆಯನ್ನೂ ಪಾರ್ಕಿಂಗನ್ನೂ ಕೊಟ್ಟು, ಅಲ್ಲಿ ಹೋಗಿ ಇನ್ನೊಂದು ಜೀಪೋ ಗಾಲ್ಫ್ ಕಾರ್ಟೋ ಹಿಡಿಯಬೇಕು. ಎರಡು ಗಾಡಿಗೆ ದುಡ್ಡು ಕೊಟ್ಟು ಒಂದನ್ನು ಓಡಿಸುವುದು.

ಅದಕ್ಕಿಂತ ಕಾಡುವುದು ಟಿಕೆಟ್ಟಿನ ಅನಿಶ್ಚಿತತೆ. ದ್ವೀಪದ ನಿವಾಸಿಗಳಿಗೆ ಮೊದಲ ಆದ್ಯತೆ. ಅದು ಆಗಬೇಕಾದದ್ದೇ: ಆಸ್ಪತ್ರೆ, ಸರಕಾರಿ ಕಚೇರಿ, ಸಂತೆ ಎಲ್ಲದಕ್ಕೂ ಅವರಿಗಿರುವುದು ಆ ದೋಣಿಯೇ. ಉಳಿದ ಸೀಟುಗಳು ವಾರಾಂತ್ಯದಲ್ಲಿ, ಜುಲೈ 4 ಮತ್ತು ಪೋರ್ಟೊ ರಿಕೊ ರಜೆಯಾದ ಜುಲೈ 25ರ ಸುತ್ತ ಬೇಗ ಮುಗಿಯುತ್ತವೆ, ಏಕೆಂದರೆ ಸಾನ್ ಹುವಾನ್‌ನವರೂ ಆಗಲೇ ಹೊರಡುವುದು. ದೋಣಿ ಕೆಟ್ಟರೆ, ಸಮುದ್ರ ಎದ್ದರೆ ಆ ಹೊತ್ತಿನ ಫೆರಿ ರದ್ದು. ಹೋಗುವಾಗ ರದ್ದಾದರೆ ಒಂದು ರಾತ್ರಿಯ ಬಾಡಿಗೆ ಹೋಯಿತು; ಬರುವಾಗ ರದ್ದಾದರೆ ಮನೆಗೆ ಮರಳುವ ವಿಮಾನವೇ ತಪ್ಪಿತು.

ಆದ್ದರಿಂದ ಕುಲೇಬ್ರಕ್ಕೆ ಹೋಗುವುದಾದರೆ ಹೀಗೆ ಮಾಡಿ. ಸೋಮವಾರ ಹೋಗಿ ಗುರುವಾರ ಬನ್ನಿ. ಮರಳುವ ದಿನ ಮತ್ತು ಮನೆಗೆ ಹೋಗುವ ವಿಮಾನದ ನಡುವೆ ಸಾನ್ ಹುವಾನ್‌ನಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ. ಕೈಲಾದರೆ ಫೆರಿಯನ್ನು ಬಿಟ್ಟು ಸೇಬದಿಂದಲೋ ಸಾನ್ ಹುವಾನ್‌ನ ಇಸ್ಲಾ ಗ್ರಾಂಡೆ ವಿಮಾನ ನಿಲ್ದಾಣದಿಂದಲೋ ಪುಟ್ಟ ವಿಮಾನ ಹಿಡಿಯಿರಿ. ಹತ್ತೇ ಜನ ಕೂರುವ ಗಾತ್ರದ್ದು, ನಿಮ್ಮ ಮೈತೂಕವನ್ನೂ ಕೇಳುತ್ತಾರೆ, ಲಗೇಜಿಗೆ ಮಿತಿ ಬಿಗಿ. ದೊಡ್ಡ ಸೂಟ್‌ಕೇಸ್ ಬೇಡ, ಮೆತ್ತನೆಯ ಚೀಲ ಸಾಕು. ಇಷ್ಟೆಲ್ಲ ಕೂಡಿಸಿದರೆ 2.25 ಡಾಲರಿನ ಅಗ್ಗ ಎಲ್ಲಿ ಉಳಿಯಿತು, ನೀವೇ ಲೆಕ್ಕ ಹಾಕಿ.

ಇನ್ನೊಂದು ಎಚ್ಚರಿಕೆ. 1975ರವರೆಗೆ ಅಮೆರಿಕದ ನೌಕಾಪಡೆ ಇಲ್ಲಿ ಗುಂಡು ಹಾರಿಸಿ ಅಭ್ಯಾಸ ಮಾಡಿದೆ. ಫ್ಲಮೆಂಕೊದ ತುಕ್ಕು ಹಿಡಿದ ಟ್ಯಾಂಕುಗಳು ಅದರ ಉಳಿಕೆ. ಸಿಡಿಯದ ಮದ್ದುಗುಂಡು ಈಗಲೂ ನೆಲದಲ್ಲೂ ನೀರಿನಲ್ಲೂ ಇದೆ. ಫಲಕ ಹಾಕಿದ ಕಡೆ ಕಾಲಿಡಬೇಡಿ, ನೀರಡಿಯ ಲೋಹದ ತುಂಡನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

ಕುಲೇಬ್ರವನ್ನು ನಾನು ಪಟ್ಟಿಯಿಂದ ತೆಗೆಯದಿರುವುದು ಒಂದೇ ಕಾರಣಕ್ಕೆ. ಎಚ್-1ಬಿ ಎಂಬ ಅಮೆರಿಕದ ಉದ್ಯೋಗ ವೀಸಾದಲ್ಲಿರುವವರ ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ ಬೊನೇರ್, ಬೆಕ್ವೆ ಎರಡೂ ಆಗುವುದಿಲ್ಲ. ಹಳೆಯ ಸ್ಟ್ಯಾಂಪಿನಲ್ಲೇ 30 ದಿನದೊಳಗೆ ಮರಳಬಹುದಾದ ರಿಯಾಯಿತಿ ಎಚ್-1ಬಿಗೆ ಕೆನಡಾ, ಮೆಕ್ಸಿಕೊಗಷ್ಟೇ. ಕೆರಿಬಿಯನ್ ದ್ವೀಪಗಳಿಗೆ ಅದು ಇರುವುದು ಎಫ್ (ವಿದ್ಯಾರ್ಥಿ), ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ. ಪೋರ್ಟೊ ರಿಕೊ ಅಮೆರಿಕದ ನೆಲ, ಅಲ್ಲಿಗೆ ಹೋಗುವುದು ದೇಶದೊಳಗಿನ ಪ್ರಯಾಣ. ಪಾಸ್‌ಪೋರ್ಟ್, ಐ-94 (ಅಮೆರಿಕ ಪ್ರವೇಶದ ದಾಖಲೆ), ಐ-797 (ವೀಸಾ ಅರ್ಜಿ ಮಂಜೂರಾದ ಪತ್ರ) ಜೊತೆಯಲ್ಲಿರಲಿ. ಮರಳುವಾಗ ಕೃಷಿ ಇಲಾಖೆಯವರು ಚೀಲ ಸ್ಕ್ಯಾನ್ ಮಾಡುತ್ತಾರೆ, ಅದಕ್ಕೆ ಹಣ್ಣು ಇಟ್ಟುಕೊಳ್ಳಬೇಡಿ.

ಬೆಕ್ವೆ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ದೇಶಕ್ಕೆ ಸೇರಿದ್ದು, 18 ಚದರ ಕಿಲೋಮೀಟರ್. ಭಾರತದ ಪಾಸ್‌ಪೋರ್ಟಿಗೆ ಇಲ್ಲಿ ಮೊದಲೇ ವೀಸಾ ಮಾಡಿಸುವ ಅಗತ್ಯವಿಲ್ಲ. 2017ರಲ್ಲಿ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಆರ್ಗೈಲ್ ವಿಮಾನ ನಿಲ್ದಾಣ ತೆರೆದ ಮೇಲೆ ಮಯಾಮಿಯಿಂದ ನೇರ ಬರಬಹುದು. ಅಲ್ಲಿಂದ ಕಿಂಗ್ಸ್‌ಟೌನ್ ಬಂದರಿಗೆ ಅರ್ಧ ಗಂಟೆ, ಫೆರಿಯಲ್ಲಿ ಒಂದು ಗಂಟೆ. ವಿಮಾನ ತಡವಾಗಿ ಕೊನೆಯ ಫೆರಿ ತಪ್ಪಿದರೆ ಕಿಂಗ್ಸ್‌ಟೌನ್‌ನಲ್ಲೇ ರಾತ್ರಿ. ಭಾನುವಾರ ಫೆರಿ ಕಡಿಮೆ, ಆ ದಿನ ಇಳಿಯಬೇಡಿ. ನಡುವಿನ ಜಲಸಂಧಿಯಲ್ಲಿ ದೋಣಿ ಚೆನ್ನಾಗಿ ತೂಗುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮೊದಲು ನುಂಗಿ, ಹಿಂಭಾಗದಲ್ಲಿ ಕೆಳಗೆ ಕೂರಿ.

ಊಟದ ವಿಷಯದಲ್ಲಿ ಬೆಕ್ವೆಗೆ ಸಾಟಿಯಿಲ್ಲ. ದ್ವೀಪದ ಮುಖ್ಯ ಊರಾದ ಪೋರ್ಟ್ ಎಲಿಜಬೆತ್‌ನ ತರಕಾರಿ ಮಾರುಕಟ್ಟೆಯಲ್ಲಿ ಬಾಳೆಕಾಯಿ, ಕೆಸುವಿನ ಗೆಡ್ಡೆ, ಕೆಸುವಿನ ಸೊಪ್ಪು, ಜೂನ್-ಜುಲೈನಲ್ಲಿ ಮಾವು, ಜೊತೆಗೆ ನಮ್ಮ ಕರಾವಳಿಯವರು ಕಂಡರೆ ಬಿಡದ ಜೀಗುಜ್ಜೆ (ದೀವಿಹಲಸು). 1793ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ ಹಡಗಿನಲ್ಲಿ ತಂದಿಳಿಸಿದ ಈ ಮರ ಈಗ ಅಲ್ಲಿನವರ ದಿನದ ಊಟ. ಇಡೀ ಕಾಯನ್ನು ಕೆಂಡದ ಮೇಲೆ ಸಿಪ್ಪೆ ಕರಿಯಾಗುವ ತನಕ ಸುಟ್ಟು, ಸುಲಿದು, ಉಪ್ಪು-ಬೆಣ್ಣೆ ಹಚ್ಚಿ ತಿನ್ನುತ್ತಾರೆ. ನೀವು ಹೋಳು ಮಾಡಿ ಪೋಡಿಯೂ ಕರಿಯಬಹುದು, ಕಡಲೆಹಿಟ್ಟು ಜೊತೆಯಲ್ಲಿ ಒಯ್ದರಾಯಿತು. ಆಲೂ-ಕಡಲೆ ತುಂಬಿದ ರೊಟ್ಟಿಯೂ ಸಿಗುತ್ತದೆ. 1861ರಿಂದ ಮದ್ರಾಸಿನಿಂದ ಹಡಗಿನಲ್ಲಿ ಬಂದ ಕೂಲಿಗಳ ಸಂತತಿ ಸೇಂಟ್ ವಿನ್ಸೆಂಟ್‌ನಲ್ಲಿ ಇಂದಿಗೂ ಇದೆ. ಪ್ರಿನ್ಸೆಸ್ ಮಾರ್ಗರೆಟ್ ಬೀಚಿನ ನೀರು ಪಶ್ಚಿಮಕ್ಕಿರುವುದರಿಂದ ಶಾಂತ, ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದ್ದು.

ತೊಡಕು ನೀರಿನದು. ದ್ವೀಪದಲ್ಲಿ ಹೊಳೆಯಿಲ್ಲ, ಹೆಚ್ಚಿನ ಮನೆಗಳಿಗೆ ಚಾವಣಿಯ ಮಳೆನೀರು ತೊಟ್ಟಿಗೆ ಇಳಿದದ್ದೇ ಗತಿ. ಜನವರಿಯಿಂದ ಮೇವರೆಗೆ ಒಣಹವೆ, ಅಂದರೆ ಜೂನ್ ಮೊದಲ ವಾರಗಳಲ್ಲಿ ತೊಟ್ಟಿಯ ತಳ ಕಾಣುತ್ತಿರುತ್ತದೆ. ಮನೆ ಹಿಡಿಯುವ ಮೊದಲು ತೊಟ್ಟಿ ಎಷ್ಟು ತುಂಬಿದೆ ಎಂದು ಕೇಳಿ. ಆಗಸ್ಟ್ ಕಳೆದ ಮೇಲೆ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಕರೆಂಟು 230 ವೋಲ್ಟ್, ಬ್ರಿಟಿಷ್ ಮೂರು ಪಿನ್ನು. ಅಮೆರಿಕದಿಂದ ರೈಸ್ ಕುಕ್ಕರ್ ಒಯ್ದರೆ ಸುಟ್ಟುಹೋಗುತ್ತದೆ.

ಇನ್ನು ಬೊನೇರ್. ಹಸಿರು ಬೆಟ್ಟ, ತೆಂಗಿನ ಸಾಲು ಬೇಕೆನ್ನುವವರಿಗೆ ಇದು ಹಿಡಿಸುವುದಿಲ್ಲ. ನೆಲ ನಮ್ಮ ಚಳ್ಳಕೆರೆ ಕಡೆಯ ಬಯಲಿನಂತೆ: ಮುಳ್ಳುಕಂಟಿ, ಆಡು, ಮನೆ ಸುತ್ತ ಕಳ್ಳಿಯ ಬೇಲಿ. ಮಳೆ ಕಡಿಮೆ, ಅದರಲ್ಲೂ ಜೂನ್-ಜುಲೈನಲ್ಲಿ ಅಪರೂಪ. ಮಣ್ಣು ತೊಳೆದು ತರುವ ಹೊಳೆಯಿಲ್ಲವಾದ್ದರಿಂದ ಸಮುದ್ರ ಕನ್ನಡಿಯಂತಿರುತ್ತದೆ. 1979ರಿಂದ ದ್ವೀಪದ ಸುತ್ತಲಿನ ಕಡಲೆಲ್ಲ ಸಂರಕ್ಷಿತ ಉದ್ಯಾನ. ಹವಳದ ದಿಬ್ಬ ದಡದಿಂದ ಕೆಲವೇ ಹತ್ತು ಮೀಟರು. ದೋಣಿ ಬೇಡ, ಗುಂಪು ಬೇಡ, ಯಾರ ವೇಳಾಪಟ್ಟಿಯೂ ಬೇಡ. ರಸ್ತೆ ಬದಿಯಲ್ಲಿ ಹೆಸರು ಬರೆದ ಹಳದಿ ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ ನೀರಿಗಿಳಿಯುವುದು. ನನ್ನ ಮಟ್ಟಿಗೆ ರಜೆಯೆಂದರೆ ಇದೇ.

ಇಳಿಯುವುದರಲ್ಲಿ ಮಾತ್ರ ಜಾಗ್ರತೆ ಬೇಕು. ದಡದಲ್ಲಿ ಮರಳಿಲ್ಲ, ಸತ್ತ ಹವಳದ ತುಂಡುಗಳು. ತೆಳು ರಬ್ಬರಿನ ನೀರು ಚಪ್ಪಲಿ ಸಾಲದು. ಗಟ್ಟಿ ಅಟ್ಟೆಯ ಬೂಟೂ, ಅದರ ಮೇಲೆ ಕಟ್ಟುವ ಪಟ್ಟಿಯ ಫಿನ್ನೂ (ಈಜಲು ಕಾಲಿಗೆ ಹಾಕುವ ರೆಕ್ಕೆ) ಬೇಕು. ಎರಡು ನಿಮಿಷ ನಿಂತು ಅಲೆಯ ಲಯ ನೋಡಿ, ಎರಡು ಅಲೆಯ ನಡುವೆ ಕಾಲೆಳೆಯುತ್ತಾ ಸೊಂಟಮಟ್ಟಕ್ಕೆ ಹೋಗಿ. ಫಿನ್ ಹಾಕುವುದು ಅಲ್ಲಿ, ಜೊತೆಗಾರರ ಭುಜ ಹಿಡಿದು. ಕೈಯೂರಲು ಹವಳ ಹಿಡಿಯಬೇಡಿ, ಬೆಂಕಿ ಹವಳ ಉರಿಸುತ್ತದೆ. ಮೊದಲು ಪ್ರವಾಹಕ್ಕೆ ಎದುರಾಗಿ ಈಜಿ. ದಣಿದ ಮೇಲೆ ಮರಳುವಾಗ ಅದೇ ನಿಮ್ಮನ್ನು ತರುತ್ತದೆ. ಗಾಳಿ ಏರುವ ಮೊದಲು, ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗೆ 2021ರಿಂದ ನಿಷೇಧ; ತುಂಬು ತೋಳಿನ ಈಜುಡುಗೆ ಇದ್ದರೆ ಆ ಚಿಂತೆಯೇ ಇಲ್ಲ.

ನಿಲ್ಲಿಸಿದ ಗಾಡಿಯಲ್ಲಿ ಏನನ್ನೂ ಬಿಡಬೇಡಿ, ಬೀಗವನ್ನೂ ಹಾಕಬೇಡಿ. ನೀವು ನೀರಿನಲ್ಲಿರುವಾಗ ಕಳ್ಳರು ಗಾಜು ಒಡೆದು ನೋಡುತ್ತಾರೆ. ಗಾಜು ಇಳಿಸಿದ್ದರೆ ನೋಡಿ ಹೋಗುತ್ತಾರೆ. ಗಾಡಿ ಗೊತ್ತುಮಾಡುವಾಗಲೇ ಸಾದಾ ಲೋಹದ ಕೀಲಿಯದನ್ನು ಕೇಳಿ. ರಿಮೋಟ್ ಕೀಲಿ ಉಪ್ಪುನೀರಿಗೆ ಸತ್ತುಹೋಗುತ್ತದೆ, ದಡದಲ್ಲಿ ಬಿಡುವಂತೆಯೂ ಇಲ್ಲ.

ಖರ್ಚು ಹಗುರವಲ್ಲ. ದ್ವೀಪ ಪ್ರವೇಶಕ್ಕೆ ದೊಡ್ಡವರಿಗೆ 75 ಡಾಲರ್, 13ರೊಳಗಿನ ಮಕ್ಕಳಿಗೆ 10; ಕಡಲಿಗಿಳಿಯಲು ದೊಡ್ಡವರಿಗೆ ವರ್ಷಕ್ಕೆ 40. ತರಕಾರಿ ಎಲ್ಲ ಹಡಗಿನಲ್ಲಿ ಬಂದದ್ದು, ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ. ಬೇಳೆ, ಸಾರಿನ ಪುಡಿ, ರವೆ, ಅವಲಕ್ಕಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ನಲ್ಲಿಯದು ಶುದ್ಧೀಕರಿಸಿದ ಕಡಲನೀರು, ಕುಡಿಯಬಹುದು. ಬಾಟಲಿಗೆ ದುಡ್ಡು ಸುರಿಯಬೇಡಿ. ಚಲಾವಣೆ 2011ರಿಂದ ಅಮೆರಿಕದ ಡಾಲರೇ. ಗ್ರೀನ್ ಕಾರ್ಡ್ ಇದ್ದರೆ ವೀಸಾ ಬೇಡ. ಬರೀ ಭಾರತದ ಪಾಸ್‌ಪೋರ್ಟ್ ಮತ್ತು ಅಮೆರಿಕದ ವೀಸಾ ಇರುವವರು ಟಿಕೆಟ್ ಕೊಳ್ಳುವ ಮೊದಲು ನೆದರ್‌ಲ್ಯಾಂಡ್ಸ್ ಸರಕಾರದ ನಿಯಮ ಓದಿಕೊಳ್ಳಿ.

ಈಜು ಬಾರದವರು, ಮರಳಲ್ಲಿ ಆಡುವ ಕೂಸು ಇರುವವರು ಜೂನ್ ಕೊನೆಗೆ ಬೆಕ್ವೆಗೆ ಹೋಗಲಿ. ಸ್ಟ್ಯಾಂಪ್ ಇಲ್ಲದವರು ಪುಟ್ಟ ವಿಮಾನದಲ್ಲಿ ಕುಲೇಬ್ರಕ್ಕೆ. ದಿನಾ ಬೆಳಿಗ್ಗೆ ಎದ್ದು ಎರಡು ಗಂಟೆ ನೀರಿನಲ್ಲಿದ್ದು, ಬಂದು ಅನ್ನ-ಸಾರು ಉಂಡು, ಮಧ್ಯಾಹ್ನ ಏನೂ ಮಾಡದೆ ಇರುವುದು ನನ್ನ ಅಭ್ಯಾಸ. ಬಿರುಗಾಳಿಯ ಸುದ್ದಿ ನೋಡುತ್ತಾ ರಜೆ ಕಳೆಯುವುದು ನನ್ನಿಂದಾಗದು. ಹಾಗಾಗಿ ಪ್ರವೇಶಕ್ಕೂ ಕಡಲಿಗೂ ಸೇರಿ ಆಗುವ ಆ 115 ಡಾಲರನ್ನು ಪ್ರತಿಸಲ ಮನಸ್ಸಾರೆ ಕೊಡುತ್ತೇನೆ. ನೀವೂ ಬೊನೇರ್ ಎಂದು ತೀರ್ಮಾನಿಸಿದರೆ ಮನೆಗಿಂತ ಮೊದಲು ಪಿಕಪ್ ಗಾಡಿ ಕಾದಿರಿಸಿ. ವಾಷಿಂಗ್ಟನ್ ಸ್ಲಾಗ್‌ಬಾಯ್ ಉದ್ಯಾನದ ಕಲ್ಲುದಾರಿಗೆ ಎತ್ತರದ ಗಾಡಿಯೇ ಬೇಕು, ಸಣ್ಣ ಕಾರನ್ನು ಗೇಟಿನಲ್ಲೇ ತಡೆಯುತ್ತಾರೆ.