ಬಿಚ್ಚಿ ಕಟ್ಟಿಸಿದ ಗೇರ್‌ಬಾಕ್ಸ್: ಮೂರು ವರ್ಷ ಓಡಿಸಿದ ಮೇಲೆ

ನನ್ನದು 2001ರ ಮಾಜ್ದಾ ಎಂಎಕ್ಸ್-5, ಎರಡನೇ ತಲೆಮಾರಿನ ಐದು ಗೇರಿನ ಕಾರು. ಅದರ ಗೇರ್‌ಬಾಕ್ಸನ್ನು ಬಿಚ್ಚಿಸಿ, ಸವೆದದ್ದನ್ನು ತೆಗೆಸಿ, ಮತ್ತೆ ಕಟ್ಟಿಸಿ ಮೂರು ವರ್ಷವಾಯಿತು. ಈ ನಡುವೆ 38,000 ಕಿಲೋಮೀಟರ್ ಓಡಿಸಿದ್ದೇನೆ. ಮೊದಲ ತಿಂಗಳಿನಲ್ಲಿ ಯಾವ ಗೇರ್‌ಬಾಕ್ಸೂ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಬರೆಯಲು ಇಷ್ಟು ಕಾಲ ಕಾದೆ.

ತೊಂದರೆ ಕಾಣಿಸಿದ್ದು ಮೂರನೇ ಗೇರಿನಲ್ಲಿ. ಇಂಜಿನ್ ಜೋರಾಗಿ ತಿರುಗುತ್ತಿರುವಾಗ ಎರಡರಿಂದ ಮೂರಕ್ಕೆ ತಳ್ಳಿದರೆ ಕರ್‌ರ್ ಎಂಬ ಸದ್ದು, ಅಂಗೈವರೆಗೆ ಬರುವ ನಡುಕ. ನಿಧಾನವಾಗಿ ಹಾಕಿದರೆ ಏನೂ ಇಲ್ಲ. ಪೆಡಲ್ ಒತ್ತಿದರೂ ಕ್ಲಚ್ ಇಂಜಿನ್ನಿನಿಂದ ಪೂರ್ತಿ ಬಿಡಿಸಿಕೊಳ್ಳದಿದ್ದರೆ ರಿವರ್ಸ್ ಸೇರಿ ಎಲ್ಲ ಗೇರುಗಳೂ ತಕರಾರು ಮಾಡುತ್ತವೆ. ಒಂದೇ ಗೇರು ಹೀಗೆ ಮಾಡಿದರೆ ಅನುಮಾನ ಹೋಗಬೇಕಾದದ್ದು ಅದರ ಸಿಂಕ್ರೊ ರಿಂಗಿನ ಕಡೆಗೆ, ಅಂದರೆ ಗೇರು ಸೇರುವ ಮುನ್ನ ಭಾಗಗಳ ವೇಗವನ್ನು ಸಮ ಮಾಡುವ ಉಂಗುರದ ಕಡೆಗೆ.

ಮೊದಲು ನಾನು ಹಳೆಯ ಗೇರ್‌ಬಾಕ್ಸೊಂದನ್ನು ಕೊಂಡು ಹಾಕಿಸಿದೆ. ಆ ನಿರ್ಧಾರದ ಬಗ್ಗೆ ಇಂದಿಗೂ ಬೇಸರವಿದೆ. ಆರೇ ತಿಂಗಳಲ್ಲಿ ನ್ಯೂಟ್ರಲ್‌ನಲ್ಲಿ ನಿಂತಾಗ ಗುಂಯ್‌ಗುಡುವ ಸದ್ದು ಶುರುವಾಯಿತು. ಕ್ಲಚ್ ಒತ್ತಿದರೆ ಸದ್ದು ಅಡಗುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಇಂಜಿನ್ನಿನ ತಿರುಗುವಿಕೆಯನ್ನು ಪೆಟ್ಟಿಗೆಯೊಳಗೆ ತರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಹೋಗಿತ್ತು. ಮುಚ್ಚಿದ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಈ ಕಾರಿನಲ್ಲಿ ಇಳಿಸಿ ಏರಿಸುವ ಕೆಲಸವೂ ಸಣ್ಣದಲ್ಲ. ಎಕ್ಸಾಸ್ಟ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಅಲ್ಲದೆ, ಗೇರ್‌ಬಾಕ್ಸನ್ನು ಹಿಂದಿನ ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿಗೆ ಬಿಗಿದಿರುವ ಉದ್ದನೆಯ ಅಲ್ಯೂಮಿನಿಯಂ ತೊಲೆಯೂ ಕಳಚಬೇಕು. ಮತ್ತೆ ಕೂರಿಸುವಾಗ ಅದರ ಎತ್ತರ ಸರಿಯಾಗದಿದ್ದರೆ ವೇಗದಲ್ಲಿ ಕಾರು ನಡುಗುತ್ತದೆ. ಅಷ್ಟೂ ಕೂಲಿಯನ್ನು ಎರಡು ಸಲ ಕೊಟ್ಟೆ.

ಆರು ಗೇರಿನ ಪೆಟ್ಟಿಗೆ ಹಾಕಿಸು ಎಂದವರೂ ಇದ್ದರು. ಹೆದ್ದಾರಿಯಲ್ಲಿ ಇಂಜಿನ್ ನಿಧಾನವಾಗಿ ತಿರುಗುತ್ತದೆ ಎಂಬುದು ಅವರ ಎಣಿಕೆ. ಆದರೆ ಐದು ಗೇರಿನದರಲ್ಲಿ ಕೊನೆಯ ಗೇರಿನ ಅನುಪಾತ (ಹೊರಗೆ ಹೋಗುವ ಶಾಫ್ಟಿನ ಒಂದು ಸುತ್ತಿಗೆ ಇಂಜಿನ್ ತಿರುಗುವ ಸುತ್ತು) 0.81, ಆರು ಗೇರಿನದರಲ್ಲಿ 0.84. ಡಿಫರೆನ್ಷಿಯಲ್ ಬದಲಿಸದಿದ್ದರೆ ಇಂಜಿನ್ ತುಸು ಹೆಚ್ಚೇ ತಿರುಗುತ್ತದೆ.

ಕೊನೆಗೆ ಕಾರಿನ ಮೂಲ ಪೆಟ್ಟಿಗೆಯನ್ನೇ ಬಿಚ್ಚಿಸಿದೆ. ಮೆಕ್ಯಾನಿಕ್ ಮೂರನೇ ಗೇರಿನ ಹಳೆಯ ಹಿತ್ತಾಳೆ ಉಂಗುರವನ್ನೂ ಹೊಸದನ್ನೂ ನನ್ನ ಕೈಗಿತ್ತರು. ಹೊಸದರ ಒಳಮೈಯಲ್ಲಿ ಸ್ಕ್ರೂವಿನ ಮರೆಯಂಥ ಸಣ್ಣ ಗೀರುಗಳಿದ್ದವು. ಎಣ್ಣೆಯ ಪೊರೆಯನ್ನು ಸೀಳಿ ಗೇರಿನ ಶಂಕುವನ್ನು ಹಿಡಿಯುವುದು ಆ ಗೀರುಗಳೇ. ಹಳೆಯದರ ಒಳಮೈ ಬಳೆಯಷ್ಟು ನುಣುಪಾಗಿತ್ತು. ಶಂಕುವಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ತಿರುಗಿಸಿದೆ. ಹೊಸದು ಕಚ್ಚಿಕೊಂಡಿತು, ಹಳೆಯದು ಜಾರಿತು. ಜಾರಿ ಬಂದು ಗೇರನ್ನು ಹಿಡಿಯುವ ಸ್ಲೀವಿನ ಹಲ್ಲುಗಳ ಚೂಪು ತುದಿಗಳೂ ಮೊಂಡಾಗಿದ್ದವು. ಅದನ್ನು ಹಾಗೇ ಬಿಟ್ಟು ಉಂಗುರವಷ್ಟನ್ನೇ ಬದಲಿಸಿದ್ದರೆ ಆ ಕರಕರ ಬೇಗನೆ ಮರಳುತ್ತಿತ್ತು. ಹಾಗಾಗಿ ಉಂಗುರಗಳು, ಮೂರು-ನಾಲ್ಕರ ಸ್ಲೀವ್, ಬೇರಿಂಗ್‌ಗಳು, ಸೀಲುಗಳು ಎಲ್ಲವೂ ಹೊಸದಾದವು. ಪೆಟ್ಟಿಗೆ ಹೇಗೂ ಕೆಳಗಿದ್ದುದರಿಂದ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲ್ ಕೂಡ ಬದಲಿಸಿದೆವು.

ಎಣ್ಣೆಯ ವಿಷಯದಲ್ಲಿ ನಾನು ಹಟಮಾರಿ. 75ಡಬ್ಲ್ಯೂ-90 ಜಿಎಲ್-4 (ಮೊದಲನೆಯದು ಎಣ್ಣೆಯ ದಪ್ಪದ ಗುರುತು, ಎರಡನೆಯದು ಗೇರ್ ಎಣ್ಣೆಯ ದರ್ಜೆ), ಎರಡು ಲೀಟರ್, ಬೇರೆಯದನ್ನು ಒಪ್ಪುವುದಿಲ್ಲ. ಡಿಫರೆನ್ಷಿಯಲ್ಲಿಗೆಂದೇ ತಯಾರಾಗುವ ಎಷ್ಟೋ ಜಿಎಲ್-5 ಎಣ್ಣೆಗಳ ಗಂಧಕದ ಅಂಶ ಹಿತ್ತಾಳೆಗೆ ಒಗ್ಗುವುದಿಲ್ಲ. ಗೇರ್ ಲಿವರಿನ ಬುಡದಲ್ಲಿರುವ ಪುಟ್ಟ ಕುಳಿಗೂ ಪ್ರತ್ಯೇಕವಾಗಿ ಎಣ್ಣೆ ತುಂಬಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅದು ಒಣಗಿದರೆ ಲಿವರ್ ಬಿಗಿಯಾಗುತ್ತದೆ, ದೂರು ಮಾತ್ರ ಗೇರ್‌ಬಾಕ್ಸಿನ ಮೇಲೆ ಬರುತ್ತದೆ.

ಮೊದಲ 1,000 ಕಿಲೋಮೀಟರ್ ಲಿವರ್ ಗಟ್ಟಿಯಾಗಿತ್ತು. ಆಗ ಎಣ್ಣೆ ಬಸಿದಾಗ ಹಿತ್ತಾಳೆಯ ಹೊಳಪು ಕಂಡು ಎದೆ ಧಸಕ್ಕೆಂದಿತು. ಉಂಗುರಗಳು ಪಳಗುವಾಗ ಅಷ್ಟು ಪುಡಿ ಸಹಜ ಎಂದರು ಮೆಕ್ಯಾನಿಕ್. ಮುಂದಿನ ಸಲ ಎಣ್ಣೆ ತಿಳಿಯಾಗಿಯೇ ಬಂತು. ಮೂರನೇ ಗೇರು ಇಂದಿಗೂ ಎರಡು ಬೆರಳಿಗೆ ಬೀಳುತ್ತದೆ. ಐದರಲ್ಲಿ ಸಣ್ಣ ಗುಂಯ್‌ಕಾರವಿದೆ. ಆ ಗೇರುಚಕ್ರ ಹಳೆಯದೇ, ಅದನ್ನು ಬದಲಿಸಿರಲಿಲ್ಲ. ಚಕ್ರಗಳ ಹಲ್ಲುಗಳೇ ಕುಳಿಬಿದ್ದಿದ್ದರೆ ಅಥವಾ ಬಿಡಿಭಾಗಗಳು ಸಿಗದಿದ್ದರೆ ಬೇರೆ ಪೆಟ್ಟಿಗೆ ಹಾಕಿಸುವುದೇ ದಾರಿ. ಆಗಲೂ ಅದನ್ನು ತೆರೆಸಿ ನೋಡಿಯೇ ಏರಿಸಿ. ಚಳಿಯ ಬೆಳಗಿನಲ್ಲಿ ಎರಡನೇ ಗೇರು ಈಗಲೂ ಮೊದಲ ಕೆಲವು ಕಿಲೋಮೀಟರ್ ಬಿಗಿ. ಎಣ್ಣೆ ಕಾಯುವವರೆಗೆ ನಾನು ಅದನ್ನು ಅವಸರಿಸುವುದಿಲ್ಲ.