ದುಬೈಯಲ್ಲಿ ಇಬ್ಬರಿಗೆ ಸಂಬಳ ಕೊಡಬೇಕು: ಕಾಂಟ್ರಾಕ್ಟರ್, ಇಒಆರ್, ಸ್ವಂತ ಕಂಪನಿ

ಬೈಕಂಪಾಡಿಯ ಗೋಡಂಬಿ ರಫ್ತುದಾರರಿಗೆ ದುಬೈಯಲ್ಲಿ ಒಬ್ಬ ಸೇಲ್ಸ್‌ನವ ಬೇಕು. ಮಣಿಪಾಲದ ಸಾಫ್ಟ್‌ವೇರ್ ಕಂಪನಿಗೆ ಅಲ್ಲಿನ ಗ್ರಾಹಕರ ಆಫೀಸಿನಲ್ಲೇ ಕೂತು ಕೆಲಸ ಮಾಡುವ ಇಬ್ಬರು ಎಂಜಿನಿಯರ್‌ಗಳು ಬೇಕು. ಉಡುಪಿಯ ಹೋಟೆಲಿನವರಿಗೆ ಶಾರ್ಜಾದಲ್ಲಿ ಶಾಖೆ ತೆರೆಯುವ ಮೊದಲು ಅಲ್ಲೊಬ್ಬ ಮ್ಯಾನೇಜರ್ ಬೇಕು. ಮೂವರ ಮುಂದೆಯೂ ಇರುವುದು ಮೂರು ದಾರಿ. ಕಾಂಟ್ರಾಕ್ಟರ್ ಎಂದು ಇಟ್ಟುಕೊಂಡು ಇನ್‌ವಾಯ್ಸ್ ಮೇಲೆ ದುಡ್ಡು ಕಳಿಸುವುದು ಒಂದು. ಇಒಆರ್ (ಎಂಪ್ಲಾಯರ್ ಆಫ್ ರೆಕಾರ್ಡ್, ಕಾಗದದಲ್ಲಿ ಮಾಲೀಕನಾಗಿ ನಿಲ್ಲುವ) ಕಂಪನಿಯ ಮೂಲಕ ನೇಮಿಸುವುದು ಇನ್ನೊಂದು. ಇದರಲ್ಲಿ ವೀಸಾ, ಕರಾರು, ಸಂಬಳ ಎಲ್ಲ ಅವರ ಹೆಸರಲ್ಲಿ, ಕೆಲಸ ಹೇಳುವುದು ಮಾತ್ರ ನಾವು. ಮೂರನೆಯದು ಅಲ್ಲೇ ಸ್ವಂತ ಕಂಪನಿ ತೆರೆಯುವುದು.

ಮೂರನ್ನೂ ಮಂಗಳೂರಿನಲ್ಲಿ ಕೂತು ನಡೆಸಿ ನೋಡಿದ ಮೇಲೆ ನಾವು ಹೇಳುವುದು ಇಷ್ಟು: ತಿಂಗಳ ಖರ್ಚು ನೋಡಿ ದಾರಿ ಆರಿಸಬೇಡಿ, ಆ ಮನುಷ್ಯ ಕೆಲಸ ಬಿಡುವ ದಿನದ ಲೆಕ್ಕ ಹಾಕಿ ಆರಿಸಿ. ಆ ದಿನ ಯಾರು ಎಷ್ಟು ಕೊಡಬೇಕು, ವೀಸಾ ಯಾರು ರದ್ದು ಮಾಡಬೇಕು, ಮುಂಗಡವಾಗಿ ಕಟ್ಟಿದ ಡೆಪಾಸಿಟ್ಟಿನಲ್ಲಿ ಉಳಿದದ್ದು ಯಾರ ಕೈಯಲ್ಲಿದೆ ಎಂದು ಕೇಳಿದಾಗಲೇ ಮೂರರ ನಡುವಿನ ನಿಜವಾದ ಅಂತರ ಗೊತ್ತಾಗುತ್ತದೆ.

ಕರಾವಳಿಯಲ್ಲಿ ನಾಲ್ಕನೆಯ ದಾರಿಯೊಂದು ಚಾಲ್ತಿಯಲ್ಲಿದೆ: ವಿಸಿಟ್ ವೀಸಾದಲ್ಲಿ ಕಳಿಸಿ, ಸಂಬಳವನ್ನು ಇಲ್ಲಿನ ಖಾತೆಗೇ ಹಾಕುವುದು. ಅದನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಪರ್ಮಿಟ್ ಇಲ್ಲದೆ ದುಡಿಸಿದರೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಹುಡುಗನ ಮುಂದಿನ ಗಲ್ಫ್ ದಾರಿಯೂ ಮುಚ್ಚಿಹೋಗಬಹುದು. ಯಾರ ಮಗನನ್ನೂ ಹಾಗೆ ಕಳಿಸಬೇಡಿ.

ಮೊದಲು ಸಂಬಳವನ್ನು ಒಡೆದು ಬರೆಯಿರಿ

ಯುಎಇಯ ಈಗಿನ ಕಾರ್ಮಿಕ ಕಾನೂನು 2021ರ 33ನೇ ಡಿಕ್ರಿ-ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟಿನ ಲೆಕ್ಕ, ಬೇಸಿಕ್ (ಭತ್ಯೆಗಳಿಲ್ಲದ ಮೂಲ ವೇತನ) ಮೇಲೆ. ಒಂದು ವರ್ಷ ಮುಗಿಸಿದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಅಲ್ಲಿಂದ ಮುಂದೆ ವರ್ಷಕ್ಕೆ 30 ದಿನದ್ದು, ಒಟ್ಟು ಎರಡು ವರ್ಷದ ವೇತನ ಮೀರುವಂತಿಲ್ಲ.

ತಿಂಗಳಿಗೆ 10,000 ದಿರ್ಹಮ್ ಎಂದು ಒಪ್ಪಿದ್ದೀರಿ ಎನ್ನೋಣ: ಬೇಸಿಕ್ 6,000, ಮನೆ ಬಾಡಿಗೆ 2,500, ಓಡಾಟಕ್ಕೆ 1,500. ದಿನದ ಬೇಸಿಕ್ 200. ವರ್ಷಕ್ಕೆ 4,200, ತಿಂಗಳಿಗೆ 350 ಎತ್ತಿಡಬೇಕು. ಏಳು ವರ್ಷ ಇದ್ದು ಬಿಟ್ಟರೆ 21,000ಕ್ಕೆ 12,000 ಸೇರಿ 33,000 ದಿರ್ಹಮ್. ವರ್ಷಕ್ಕೆ 30 ದಿನದ ರಜೆಯೂ ಉಂಟು. ತೆಗೆದುಕೊಳ್ಳದ ರಜೆಗೆ ಬೇಸಿಕ್ ಪ್ರಕಾರ ದುಡ್ಡು ಕೊಡಬೇಕು, ಅದಕ್ಕೆ ತಿಂಗಳಿಗೆ 500.

ಇಲ್ಲಿನ ಅಕೌಂಟೆಂಟ್‌ಗಳು ತಪ್ಪುವುದು ಎರಡು ಕಡೆ. ಗ್ರಾಚ್ಯುಯಿಟಿಗೆ ಹಿಡಿಯುವುದು ಕೊನೆಯ ಬೇಸಿಕ್ಕನ್ನು. ಐದನೇ ವರ್ಷ ಬೇಸಿಕ್ ಏರಿಸಿದರೆ ಹಿಂದಿನ ನಾಲ್ಕು ವರ್ಷದ ಬಾಕಿಯೂ ಅದರ ಜತೆಗೇ ಏರುತ್ತದೆ. ಇನ್ನೊಂದು, ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ. ರೂಪಾಯಿ ಇಳಿದಷ್ಟೂ ನಿಮ್ಮ ಪುಸ್ತಕದಲ್ಲಿ ಹಳೇ ವರ್ಷಗಳ ಬಾಕಿ ಉಬ್ಬುತ್ತದೆ. ಪ್ರತಿ ಮಾರ್ಚ್ 31ಕ್ಕೆ ಆ ದಿನದ ದರದಲ್ಲಿ ಹೊಸದಾಗಿ ಲೆಕ್ಕ ಹಾಕಲೇಬೇಕು.

ಬೇಸಿಕ್ ಕಡಿಮೆ ಬರೆದು ಭತ್ಯೆ ಜಾಸ್ತಿ ತೋರಿಸುವ ಉಪಾಯ ನಮ್ಮೂರಲ್ಲಿ ನಡೆಯುವುದಿಲ್ಲ. ಮನೆಗೊಬ್ಬರು ಗಲ್ಫಿನಲ್ಲಿ ಇದ್ದವರೇ ಹೆಚ್ಚು, "ಬೇಸಿಕ್ ಎಷ್ಟು ಸರ್?" ಎಂಬುದೇ ಅವರ ಮೊದಲ ಪ್ರಶ್ನೆ. ಎರಡನೆಯದು "ವೀಸಾ ಯಾರ ಹೆಸರಲ್ಲಿ?"

ಕಾಂಟ್ರಾಕ್ಟರ್

ನೋಡುವಾಗ ಎಲ್ಲಕ್ಕಿಂತ ಅಗ್ಗ. ಗ್ರಾಚ್ಯುಯಿಟಿ ಇಲ್ಲ, ವೀಸಾ ಖರ್ಚಿಲ್ಲ, ಡೆಪಾಸಿಟ್ ಇಲ್ಲ. ಆದರೆ ಆ ವ್ಯಕ್ತಿಗೆ ಅಲ್ಲಿ ಸ್ವಂತ ಫ್ರೀಲಾನ್ಸ್ ಪರ್ಮಿಟ್ ಇರಬೇಕು. ಗಂಡನ ವೀಸಾದಲ್ಲಿ ಇರುವುದು ವಾಸಕ್ಕೆ ಸರಿ, ಕೆಲಸಕ್ಕೆ ಪರ್ಮಿಟ್ ಬೇರೆಯೇ ಬೇಕು. ಪರ್ಮಿಟ್ಟಿನ ಪ್ರತಿ ತರಿಸಿ, ಮುಗಿಯುವ ದಿನವನ್ನೂ ಅದರಲ್ಲಿ ಬರೆದ ಕೆಲಸದ ಹೆಸರನ್ನೂ ಕರಾರಿನ ಜತೆ ತಾಳೆ ನೋಡಿ.

ತೊಂದರೆ ಶುರುವಾಗುವುದು ಇಲ್ಲಿನ ಟಿಡಿಎಸ್‌ನಲ್ಲಿ. ವಿದೇಶದವರಿಗೆ ಕೊಡುವ ತಾಂತ್ರಿಕ ಸೇವೆಯ ಶುಲ್ಕಕ್ಕೆ 2023ರಿಂದ 20% ದರ, ಮೇಲೆ ಸೆಸ್. ಭಾರತ–ಯುಎಇ ತೆರಿಗೆ ಒಪ್ಪಂದದ ಅನುಕೂಲ ಬೇಕಾದರೆ ಆತ ಅಲ್ಲಿನ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ಕೊಡಬೇಕು. ಮೊನ್ನೆ ಮೊನ್ನೆ ದುಬೈಗೆ ಹೋದವನಿಗೆ ಅದು ಸಿಗುವುದಿಲ್ಲ, ಅಲ್ಲಿ ವಾಸದ ದಿನಗಳು ತುಂಬಬೇಕು. ಅಷ್ಟರವರೆಗೆ ನೀವು ಟಿಡಿಎಸ್ ಕಡಿಯುತ್ತೀರಿ, ಆತ ಪೂರ್ತಿ ದುಡ್ಡು ಕೇಳುತ್ತಾನೆ. "ಟಿಡಿಎಸ್ ಕಳೆದು ಉಳಿದದ್ದು ಪಾವತಿ" ಎಂಬ ಸಾಲು ಕರಾರಿನಲ್ಲಿ ಮೊದಲೇ ಇಲ್ಲದಿದ್ದರೆ ಆ ಭಾರ ನಿಮ್ಮ ತಲೆಗೇ ಬರುತ್ತದೆ. ಸಿಎ ಜತೆ ಕೂತು ಮೊದಲ ಪಾವತಿಗೆ ಮುಂಚೆಯೇ ಇದನ್ನು ತೀರ್ಮಾನಿಸಿ.

ಹಣ ಕಳಿಸುವಾಗ, ಅದು ಯಾವ ಕೆಲಸಕ್ಕೆ ಎಂದು ಬ್ಯಾಂಕಿಗೆ ತಿಳಿಸುವ ಪರ್ಪಸ್ ಕೋಡ್ ಇನ್‌ವಾಯ್ಸಿಗೆ ಹೊಂದಬೇಕು; ಸಾಫ್ಟ್‌ವೇರ್ ಸಲಹೆಗೆ ಎಸ್ 0802. ಇನ್‌ವಾಯ್ಸಿನಲ್ಲಿ "ಮಾರ್ಚ್ ಸಂಬಳ" ಎಂದು ಬರೆದು ಕಳಿಸಿದರೆ ಬ್ಯಾಂಕು ಪ್ರಶ್ನೆ ಕೇಳುತ್ತದೆ, ಕೇಳಲೇಬೇಕು. ಸ್ವಿಫ್ಟ್ (ವಿದೇಶಕ್ಕೆ ಹಣ ಕಳಿಸುವ ಬ್ಯಾಂಕುಗಳ ಜಾಲ) ಶುಲ್ಕ ಪೂರ್ತಿ ನಮ್ಮ ಮೇಲೆ ಎಂದು ಆರಿಸದಿದ್ದರೆ ನಡುವಿನ ಬ್ಯಾಂಕು ತನ್ನ ಪಾಲು ಕಡಿದು, ಆತನ ಕೈಗೆ ಕಡಿಮೆ ಸೇರುತ್ತದೆ.

ಸಾಫ್ಟ್‌ವೇರ್‌ನವರು ಮರೆಯಬಾರದ ಇನ್ನೊಂದು: ನೌಕರ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯದು, ಕಾಂಟ್ರಾಕ್ಟರ್ ಬರೆದದ್ದು ಬರೆದುಕೊಡುವ ತನಕ ಆತನದೇ. ಭಾರತದ ಕಾಪಿರೈಟ್ ಕಾಯಿದೆಯಲ್ಲಿ ಹಸ್ತಾಂತರ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಎರಡನ್ನೂ ಸ್ಪಷ್ಟವಾಗಿ ಬರೆಯಿಸಿ.

ಬಿಡುವ ದಿನ ಏನು ಕೊಡಬೇಕು? ಕಾಗದದಲ್ಲಿ ಏನೂ ಇಲ್ಲ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಲಾಗಿನ್, ರಜೆಗೆ ನಿಮ್ಮ ಒಪ್ಪಿಗೆ, ಬೇರೆ ಗ್ರಾಹಕರೇ ಇಲ್ಲ ಎಂದಾಗಿದ್ದರೆ ಆತ ನಿಜಕ್ಕೂ ನೌಕರನೇ. ಬಾಕಿ ಕೇಳಿಕೊಂಡು ಬಂದರೆ ಅವನ ಮಾತಿನಲ್ಲಿ ನ್ಯಾಯ ಉಂಟು.

ಇಒಆರ್

ಬೇಗ ಕೆಲಸ ಆಗುವುದು ಇದರಲ್ಲೇ. ಆಫರ್ ಲೆಟರ್, ವರ್ಕ್ ಪರ್ಮಿಟ್, ಎಂಟ್ರಿ ಪರ್ಮಿಟ್, ಅಲ್ಲಿ ಇಳಿದ ಮೇಲೆ ರಕ್ತ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ, ಎಮಿರೇಟ್ಸ್ ಐಡಿಗೆ ಬೆರಳಚ್ಚು, ಆರೋಗ್ಯ ವಿಮೆ. ಈ ಓಡಾಟ ಎಲ್ಲ ಅವರ ಪಿಆರ್‌ಒ (ಸರ್ಕಾರಿ ಕಚೇರಿಗಳ ಕೆಲಸ ನೋಡುವವ) ಮಾಡುತ್ತಾನೆ. ತಡವಾಗುವುದು ನಮ್ಮ ಕಡೆಯಿಂದ, ಡಿಗ್ರಿ ಸರ್ಟಿಫಿಕೇಟು ಅಸಲಿ ಎಂದು ದೃಢೀಕರಿಸುವ ಅಟೆಸ್ಟೇಶನ್‌ನಲ್ಲಿ. ರಾಜ್ಯ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಇಲಾಖೆ, ಇದೇ ಸಾಲಿನಲ್ಲಿ ಹೋಗಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದ ತಂದೆಯ ಹೆಸರು ಅಥವಾ ಊರಿನ ಹೆಸರು ಇರುವುದು ನಮ್ಮಲ್ಲಿ ಮಾಮೂಲು. ಆಫರ್ ಕೊಡುವ ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹತ್ತನೇ ಕ್ಲಾಸ್ ಮುಗಿಸದ ಅಡುಗೆಯವರ ಪಾಸ್‌ಪೋರ್ಟ್ ಇಸಿಆರ್ (ಹೊರದೇಶದ ಕೆಲಸಕ್ಕೆ ಹೋಗಲು ಸರ್ಕಾರದ ಒಪ್ಪಿಗೆ ಬೇಕಾದದ್ದು) ಆಗಿದ್ದರೆ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಕ್ಲಿಯರೆನ್ಸ್ ಆಗದೆ ವಿಮಾನ ಹತ್ತುವಂತಿಲ್ಲ. ವೀಸಾದ ಖರ್ಚನ್ನು ಅವರಿಂದ ವಸೂಲಿ ಮಾಡುವುದನ್ನು ಯುಎಇ ಕಾನೂನು ನಿಷೇಧಿಸಿದೆ. ಮಧ್ಯದಲ್ಲಿ ಏಜೆಂಟ್ ಇದ್ದರೆ ಆತ ಎಷ್ಟು ಕೇಳಿದ್ದಾನೆ ಎಂದು ಕೆಲಸದವರನ್ನೇ ಕೂರಿಸಿ ಕೇಳಿ.

ಇಒಆರ್ ಶುಲ್ಕ ಒಬ್ಬರಿಗೆ ತಿಂಗಳಿಗೆ ನೂರಾರು ಡಾಲರ್ ಆಗುತ್ತದೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೀಳದೇ ಇರುವುದು ಜಿಎಸ್‌ಟಿ. ಹೊರದೇಶದಿಂದ ಸೇವೆ ತರಿಸಿದಂತೆ ಆಗುವುದರಿಂದ, ಸೇವೆ ಪಡೆದವರೇ ತೆರಿಗೆ ಕಟ್ಟುವ ರಿವರ್ಸ್ ಚಾರ್ಜ್‌ನಲ್ಲಿ 18% ಐಜಿಎಸ್‌ಟಿ ಕಟ್ಟಬೇಕು. ಬರೀ ಶುಲ್ಕಕ್ಕಲ್ಲ, ಸಂಬಳ ಸೇರಿದ ಇಡೀ ಬಿಲ್ಲಿಗೆ. ಅದನ್ನು ಹಿಂದೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್‌ನಿಂದ ಹೊಂದಿಸಲು ಬರುವುದಿಲ್ಲ, ಕ್ಯಾಶ್ ಲೆಡ್ಜರ್‌ನಿಂದಲೇ ಹೋಗಬೇಕು. ಸಾಫ್ಟ್‌ವೇರ್ ಅಥವಾ ಗೋಡಂಬಿ ರಫ್ತುದಾರರಿಗೆ ಆಮೇಲೆ ಕ್ರೆಡಿಟ್ ಆಗಿ, ರಿಫಂಡ್ ಆಗಿ ವಾಪಸ್ ಬರುತ್ತದೆ, ಕೆಲವು ತಿಂಗಳು ದುಡ್ಡು ಸಿಕ್ಕಿಕೊಳ್ಳುತ್ತದೆ ಅಷ್ಟೆ. ಕ್ರೆಡಿಟ್ ಇಲ್ಲದ 5% ದರದಲ್ಲಿರುವ ಉಡುಪಿಯ ಹೋಟೆಲಿಗೆ ಆ 18% ಪೂರ್ತಿ ಕೈಬಿಟ್ಟು ಹೋದಂತೆ. ಅವರಿಗೆ ಇಒಆರ್ ಒಂದು ವರ್ಷಕ್ಕಿಂತ ಹೆಚ್ಚು ತಡೆಯುವುದಿಲ್ಲ.

ಕೆಲಸ ಬಿಡುವ ದಿನಕ್ಕಾಗಿ ಸಹಿ ಹಾಕುವ ಮೊದಲೇ ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಬೇಕಾದ ಪ್ರಶ್ನೆಗಳಿವೆ. ಗ್ರಾಚ್ಯುಯಿಟಿಯನ್ನು ತಿಂಗಳು ತಿಂಗಳು ವಸೂಲಿ ಮಾಡುತ್ತಾರೋ, ಕೊನೆಗೆ ಒಟ್ಟಿಗೇ ಬಿಲ್ ಮಾಡುತ್ತಾರೋ? ತಿಂಗಳಿಗೆ 350ರಂತೆ ಕಟ್ಟಿದ್ದು, ಆತ ಹತ್ತನೇ ತಿಂಗಳಿಗೇ ಬಿಟ್ಟರೆ ವಾಪಸ್ ಬರುತ್ತದೋ? ಡೆಪಾಸಿಟ್ ಎಷ್ಟು ದಿನದಲ್ಲಿ, ಯಾವ ದರದಲ್ಲಿ ಮರಳಿಸುತ್ತಾರೆ? ವೀಸಾ ರದ್ದತಿಯ ಶುಲ್ಕ, ಊರಿಗೆ ಬರುವ ಟಿಕೆಟ್ ಯಾರದು? ಕಾನೂನಿನಂತೆ ನೌಕರನ ಬಾಕಿ 14 ದಿನದೊಳಗೆ ತೀರಬೇಕು. ನಿಮ್ಮಿಂದ ಹಣ ತಲುಪಿದ ಮೇಲಷ್ಟೇ ಕೊಡುತ್ತೇವೆ ಎಂಬ ಷರತ್ತು ಇದ್ದರೆ ಆ 14 ದಿನದಲ್ಲಿ ಸ್ವಿಫ್ಟ್ ಓಡಾಟವೂ ಸೇರಿತು.

ಸೇಲ್ಸ್‌ನವರಿಗೆ ಇಒಆರ್ ಹಾಕುವಾಗ ಎಚ್ಚರ ಬೇಕು. ಆತ ಅಲ್ಲೇ ದರ ಒಪ್ಪಿ, ಕರಾರು ಮುಗಿಸುವುದು ಅಭ್ಯಾಸವಾದರೆ ನಿಮ್ಮ ಮಂಗಳೂರು ಕಂಪನಿಗೇ ಅಲ್ಲಿ ತೆರಿಗೆಯ ನೆಲೆ ಇದೆ ಎಂದು ಅಲ್ಲಿನವರು ತೆರಿಗೆ ಕೇಳಬಹುದು. ಕೊಟೇಶನ್, ಸಹಿ ಎರಡೂ ಬೈಕಂಪಾಡಿಯಿಂದಲೇ ಹೋಗಲಿ.

ಸ್ವಂತ ಕಂಪನಿ

2021ರ ಜೂನ್‌ನಿಂದ ಮೇನ್‌ಲ್ಯಾಂಡ್‌ನಲ್ಲೂ (ಫ್ರೀ ಝೋನ್‌ಗಳ ಹೊರಗಿನ ಭಾಗ) ಬಹುತೇಕ ವ್ಯವಹಾರಗಳಿಗೆ 100% ವಿದೇಶಿ ಒಡೆತನ ಸಾಧ್ಯ. ತನ್ನದೇ ನಿಯಮಗಳಿರುವ ವಲಯವಾದ ಫ್ರೀ ಝೋನ್ ಅಗ್ಗ, ಆದರೆ ಫ್ರೀ ಝೋನ್ ವೀಸಾದವರನ್ನು ಹೊರಗಿನ ಗ್ರಾಹಕರ ಆಫೀಸಿನಲ್ಲಿ ದಿನವೂ ಕೂರಿಸಲು ಬೇರೆ ಅನುಮತಿ ಬೇಕು. ಮಣಿಪಾಲದವರಂಥ ಕೆಲಸಕ್ಕೆ ಮೇನ್‌ಲ್ಯಾಂಡ್ ಸರಿ. ಹೋಟೆಲಿಗೂ ಅಷ್ಟೆ.

ಇಲ್ಲಿನ ಕ್ರಮ ತಪ್ಪಿದರೆ ಸರಿಪಡಿಸುವುದು ಬಹಳ ಕಷ್ಟ. ಬೋರ್ಡ್ ನಿರ್ಣಯ, ಎಡಿ ಬ್ಯಾಂಕಿನಲ್ಲಿ (ವಿದೇಶಿ ವಿನಿಮಯಕ್ಕೆ ಅನುಮತಿ ಇರುವ ಬ್ಯಾಂಕು) ವಿದೇಶಿ ಹೂಡಿಕೆಯ ಫಾರ್ಮ್ ಎಫ್‌ಸಿ, ರಿಸರ್ವ್ ಬ್ಯಾಂಕಿನ ಯುಐಎನ್ (ಆ ಹೂಡಿಕೆಯ ಗುರುತಿನ ನಂಬರ್), ಅದಾದ ಮೇಲೆ ಹಣ, ಆರು ತಿಂಗಳೊಳಗೆ ಷೇರು ಪತ್ರ, ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಎಪಿಆರ್ (ಆ ಕಂಪನಿಯ ವಾರ್ಷಿಕ ವರದಿ). ಡೈರೆಕ್ಟರ್ ದುಬೈಗೆ ಹೋದಾಗ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿ ಬಂದು, ಆಮೇಲೆ ಬ್ಯಾಂಕಿಗೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಒಂದು ವರ್ಷದ ಎಪಿಆರ್ ತಪ್ಪಿದರೂ ಅದನ್ನು ಸರಿಪಡಿಸುವ ತನಕ ಮುಂದಿನ ಬಂಡವಾಳ ಕಳಿಸಲು ಆಗುವುದಿಲ್ಲ. ಆ ಬಂಡವಾಳದಿಂದಲೇ ಸಂಬಳ ಹೋಗಬೇಕಿದ್ದರೆ ಏನಾಗುತ್ತದೆ ನೋಡಿ. ಕಾರ್ಪೊರೇಟ್ ಟ್ಯಾಕ್ಸ್ 3,75,000 ದಿರ್ಹಮ್ ಮೀರಿದ ಲಾಭಕ್ಕೆ 9%. ಲಾಭ ಇಲ್ಲದಿದ್ದರೂ ನೋಂದಣಿ ಕಡ್ಡಾಯ, ತಡವಾದರೆ 10,000 ದಿರ್ಹಮ್ ದಂಡ.

ಸಂಬಳ ಡಬ್ಲ್ಯುಪಿಎಸ್ (ಅಲ್ಲಿನ ಸರ್ಕಾರದ ಸಂಬಳ ಪಾವತಿ ವ್ಯವಸ್ಥೆ) ಮೂಲಕ ಹೋಗುತ್ತದೆ. ಅದಕ್ಕೆ ಎಸ್‌ಐಎಫ್ ಎಂಬ ಫೈಲ್. ಪ್ರತಿ ನೌಕರನಿಗೆ ಇಡಿಆರ್ ಎಂಬ ಒಂದು ಸಾಲು: 14 ಅಂಕಿಯ ಲೇಬರ್ ನಂಬರ್, ಬ್ಯಾಂಕಿನ 9 ಅಂಕಿಯ ರೌಟಿಂಗ್ ಕೋಡ್, 23 ಅಕ್ಷರದ ಐಬ್ಯಾನ್ (ಖಾತೆಯ ನಂಬರ್), ತಿಂಗಳ ಮೊದಲ ಮತ್ತು ಕೊನೆಯ ದಿನ, ದಿನಗಳ ಲೆಕ್ಕ, ಖಾಯಂ ವೇತನ, ಏರಿಳಿಯುವ ವೇತನ, ಸಂಬಳವಿಲ್ಲದ ರಜೆ. ಕೊನೆಗೆ ಕಂಪನಿಯ ಎಸ್‌ಸಿಆರ್ ಸಾಲು: 13 ಅಂಕಿಯ ಮಾಲೀಕರ ನಂಬರ್, ನೌಕರರ ಸಂಖ್ಯೆ, ಒಟ್ಟು ಮೊತ್ತ. ಇದನ್ನು ಮಂಗಳೂರಿನಲ್ಲಿ ಎಕ್ಸೆಲ್‌ನಲ್ಲಿ ತಯಾರಿಸಿದರೆ ಮೊದಲ ತಿಂಗಳು ಫೈಲ್ ತಿರಸ್ಕಾರವಾಗುವುದು ಹೆಚ್ಚುಕಡಿಮೆ ಖಚಿತ. 14 ಅಂಕಿಯ ನಂಬರನ್ನು ಎಕ್ಸೆಲ್ ತಾನಾಗಿ ಚುಕ್ಕಿ ಹಾಕಿ ಕುಗ್ಗಿಸುತ್ತದೆ, ಆರಂಭದ ಸೊನ್ನೆಗಳನ್ನು ನುಂಗುತ್ತದೆ. ನಂಬರ್ ತುಂಬುವ ಮೊದಲು ಆ ಕಾಲಂಗಳನ್ನು ಟೆಕ್ಸ್ಟ್ ಮಾಡಿ. ಉಳಿಸಿದ ಮೇಲೆ ಮತ್ತೆ ಎಕ್ಸೆಲ್‌ನಲ್ಲಿ ತೆರೆಯದೆ ನೋಟ್‌ಪ್ಯಾಡ್‌ನಲ್ಲೇ ನೋಡಿ. ಇಡಿಆರ್ ಮೊತ್ತಗಳನ್ನು ಕೂಡಿದರೆ ಎಸ್‌ಸಿಆರ್ ಮೊತ್ತಕ್ಕೆ ಒಂದು ಫಿಲ್ಸ್ (ದಿರ್ಹಮ್‌ನ ನೂರನೇ ಒಂದು ಭಾಗ) ವ್ಯತ್ಯಾಸವೂ ಇರಬಾರದು.

ಸಂಬಳ ತಡವಾದರೆ ಹೊಸ ವರ್ಕ್ ಪರ್ಮಿಟ್‌ಗಳು ನಿಲ್ಲುತ್ತವೆ. ಆದ್ದರಿಂದ ಇಲ್ಲಿಂದ ಹಣ ಹೊರಡುವುದು 22–23ನೇ ತಾರೀಕಿಗೆ. ಎರಡನೇ ಮತ್ತು ನಾಲ್ಕನೇ ಶನಿವಾರ, ನವೆಂಬರ್ 1ರ ರಾಜ್ಯೋತ್ಸವ, ಅಲ್ಲಿನ ಈದ್ ರಜೆ, ನಾಲ್ಕನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದಿಡಿ.

ಬಿಡುವ ದಿನ ಎಲ್ಲವೂ ನಮ್ಮ ಕೈಯಲ್ಲೇ ಇರುವುದು ಈ ದಾರಿಯ ದೊಡ್ಡ ಗುಣ. ಗ್ರಾಚ್ಯುಯಿಟಿ ಹಣ ಬೇರೆ ಖಾತೆಯಲ್ಲಿ ಇಟ್ಟಿದ್ದರೆ ಬೆಳಿಗ್ಗೆ ಸಹಿ, ಮಧ್ಯಾಹ್ನ ಪಾವತಿ.

ಯಾರಿಗೆ ಯಾವುದು

ನಾಲ್ಕಾರು ಗ್ರಾಹಕರಿಗೆ ದುಡಿಯುವ ಡಿಸೈನರ್, ಭಾಷಾಂತರಕಾರರಂಥವರಿಗೆ ಮಾತ್ರ ಕಾಂಟ್ರಾಕ್ಟ್. ಮೂವರವರೆಗೆ, ಎರಡು ವರ್ಷದೊಳಗಿನ ಕೆಲಸಕ್ಕೆ ಇಒಆರ್. ನಾಲ್ಕನೆಯವರನ್ನು ತೆಗೆದುಕೊಳ್ಳುವ ಯೋಚನೆ ಬಂದಾಗಲೇ ಫಾರ್ಮ್ ಎಫ್‌ಸಿ ಕೆಲಸ ಶುರು ಮಾಡಿ, ಏಕೆಂದರೆ ಅಲ್ಲಿ ಕಂಪನಿಯ ಬ್ಯಾಂಕ್ ಖಾತೆ ತೆರೆಯಲು ಹಿಡಿಯುವಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯುವುದಿಲ್ಲ.

ಇಒಆರ್‌ನಿಂದ ಸ್ವಂತ ಕಂಪನಿಗೆ ಆಳನ್ನು ದಾಟಿಸುವುದು ಹೆಸರು ಬದಲಾವಣೆಯಲ್ಲ, ಕೆಲಸ ಬಿಟ್ಟು ಹೊಸದಾಗಿ ಸೇರಿದ ಹಾಗೆ. ಅಲ್ಲಿನ ಗ್ರಾಚ್ಯುಯಿಟಿ ತೀರಬೇಕು, ಹೊಸ ಕರಾರು, ಹೊಸ ಪರ್ಮಿಟ್ ಆಗಬೇಕು, ಸೇವಾ ವರ್ಷಗಳು ಸೊನ್ನೆಯಿಂದ ಶುರು. ಹಳೇ ವರ್ಷಗಳನ್ನು ಎಣಿಸುತ್ತೇವೆ ಎಂದು ಬಾಯಲ್ಲಿ ಹೇಳಿದ್ದರೆ ಆಫರ್ ಲೆಟರಿನಲ್ಲೂ ಬರೆಯಿರಿ. ಹೆಂಡತಿ ಮಕ್ಕಳ ವೀಸಾ ಆತನ ವೀಸಾಕ್ಕೆ ಅಂಟಿಕೊಂಡಿರುವುದರಿಂದ, ಆತನದನ್ನು ರದ್ದು ಮಾಡುವ ಮೊದಲು ಅವರದ್ದು ರದ್ದಾಗದಂತೆ ತಡೆಹಿಡಿಸಲು ಪಿಆರ್‌ಒಗೆ ಹೇಳಿ. ಶಾಲೆ ನಡೆಯುತ್ತಿರುವ ತಿಂಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ.